ಮಧುಮೇಹಿಗಳ ಖಿನ್ನತೆ: ಮನೋಚಿಕಿತ್ಸೆ ಮತ್ತು ವ್ಯಾಯಾಮ

ಮಧುಮೇಹ ಇರುವವರನ್ನು ಕಾಡುವ ಖಿನ್ನತೆಯನ್ನು ಮಾತುಕತೆಯ ಚಿಕಿತ್ಸೆಯಿಂದಲೋ ಕ್ರಮಬದ್ಧ ವ್ಯಾಯಾಮದಿಂದಲೋ ಎರಡನ್ನೂ ಕೂಡಿಸಿಯೋ ಗುಣಪಡಿಸುವ ವಿಧಾನಗಳು ಈ ಲೇಖನದ ವಿಷಯ. ಖಿನ್ನತೆ ಎಂದರೆ ಇಲ್ಲಿ ಒಂದೆರಡು ದಿನದ ಬೇಸರವಲ್ಲ. ಕನಿಷ್ಠ ಎರಡು ವಾರ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಕೆಡುವುದು, ತನ್ನಿಂದ ಯಾರಿಗೂ ಉಪಯೋಗವಿಲ್ಲ ಎನ್ನಿಸುವುದು, ಕೆಲವರಲ್ಲಿ ಸಾವಿನ ಯೋಚನೆ ಸುಳಿಯುವುದು, ಇವೆಲ್ಲ ಸೇರಿದ ಕಾಯಿಲೆ ಅದು. ಮಧುಮೇಹಿಗಳಲ್ಲಿ ಇದು ಸಾಮಾನ್ಯ. ಆದರೆ ಶುಗರ್ ನೋಡುವ ವೈದ್ಯರ ಕೋಣೆಯಲ್ಲಿ ಇದರ ಮಾತು ಬರುವುದೇ ಅಪರೂಪ.

2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಲಸ್ಟ್‌ಮನ್ ಮತ್ತು ಸಂಗಡಿಗರು 2001ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮಧುಮೇಹ ಇಲ್ಲದವರಿಗಿಂತ ಇರುವವರಲ್ಲಿ ಖಿನ್ನತೆಯ ಸಂಭವ ಸುಮಾರು ಎರಡು ಪಟ್ಟು ಎಂದು ಕಂಡುಬಂತು. ವೈದ್ಯರು ಕೂರಿಸಿಕೊಂಡು ಮಾತನಾಡಿಸಿ ನಿರ್ಧರಿಸಿದ ತೀವ್ರ ಖಿನ್ನತೆ ನೂರಕ್ಕೆ 11 ಜನರಲ್ಲಿತ್ತು. ಪ್ರಶ್ನಾವಳಿಯಿಂದ ಅಳೆದಾಗ ಖಿನ್ನತೆಯ ಲಕ್ಷಣಗಳು 31 ಜನರಲ್ಲಿದ್ದವು. ಈ ಎರಡು ಅಂಕಿಗಳ ನಡುವಿನ ಅಂತರಕ್ಕೂ ಅರ್ಥವಿದೆ. ಅದನ್ನು ಮುಂದೆ ನೋಡೋಣ.

ಹಿನ್ನೆಲೆ

ಮನಸ್ಸಿಗೂ ಮಧುಮೇಹಕ್ಕೂ ನಂಟಿದೆ ಎಂಬ ತಿಳಿವಳಿಕೆ ಹಳೆಯದು. 17ನೆಯ ಶತಮಾನದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್, ದೀರ್ಘಕಾಲದ ದುಃಖ ಮಧುಮೇಹಕ್ಕೆ ಒಂದು ಕಾರಣ ಎಂದು ಬರೆದಿದ್ದ. ಚರಕ ಸಂಹಿತೆಯು ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದಕ್ಕೆ ಮೊದಲ ಸ್ಥಾನ ಕೊಡುತ್ತದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನವು ಪ್ರಮೇಹ ರೋಗಿಗೆ ಹೇಳುವ ಚಿಕಿತ್ಸೆ ಇನ್ನೂ ಕುತೂಹಲಕರ. ಹಣವೂ ಬಂಧುಗಳೂ ಇಲ್ಲದ ರೋಗಿ ಕಾಲಿಗೆ ಪಾದರಕ್ಷೆ ಇಲ್ಲದೆ ನೂರು ಯೋಜನ ನಡೆಯಬೇಕು, ಬೇರೆ ರೋಗಿಗಳು ಹಸುಗಳ ಹಿಂದೆ ತಿರುಗಬೇಕು, ಬಾವಿ ತೋಡಬೇಕು ಎನ್ನುತ್ತದೆ ಅದು. ಬರಿಗಾಲಿನ ನಡಿಗೆಯನ್ನು ಇಂದಿನ ಯಾವ ವೈದ್ಯರೂ ಒಪ್ಪಲಾರರು, ಕಾರಣ ಮುಂದಿದೆ. ದೇಹದ ದುಡಿಮೆ ಈ ಕಾಯಿಲೆಗೆ ಔಷಧ ಎಂಬ ಮಾತು ಮಾತ್ರ ಉಳಿದು ಬಂದಿದೆ.

ಆಧುನಿಕ ಕಾಲದಲ್ಲಿ ಮಧುಮೇಹದ ವೈದ್ಯರು ವ್ಯಾಯಾಮವನ್ನು ಬಿಡಲಿಲ್ಲ, ಮನಸ್ಸನ್ನು ಬಹುಕಾಲ ಮರೆತರು. ಕಾಲು, ಕಣ್ಣು, ಕಿಡ್ನಿ ನೋಡುವ ಪದ್ಧತಿ ಬೆಳೆಯಿತು. ಮನಸ್ಸಿನ ಸ್ಥಿತಿಯನ್ನು ಕೇಳುವುದು ಆ ಪಟ್ಟಿಗೆ ಸೇರಿದ್ದು ತೀರ ಈಚೆಗೆ.

ಎರಡು ಕಾಯಿಲೆಗಳ ನಂಟು

ನಂಟು ಎರಡೂ ದಿಕ್ಕಿನಲ್ಲಿದೆ. ಹಲವು ದೀರ್ಘಕಾಲದ ಅಧ್ಯಯನಗಳನ್ನು 2008ರಲ್ಲಿ ಒಟ್ಟಿಗೆ ಪರಿಶೀಲಿಸಿದ ಬ್ರಯಾನಾ ಮೆಜುಕ್ ಮತ್ತು ಸಂಗಡಿಗರ ಪ್ರಕಾರ, ಖಿನ್ನತೆ ಇರುವವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಅಪಾಯ ಶೇ 60ರಷ್ಟು ಹೆಚ್ಚು. ಮಧುಮೇಹ ಇರುವವರಿಗೆ ಮುಂದೆ ಖಿನ್ನತೆ ಬರುವ ಅಪಾಯ ಶೇ 15ರಷ್ಟು ಹೆಚ್ಚು. ದೇಹದೊಳಗೆ ನಡೆಯುವುದನ್ನು ವಿಜ್ಞಾನಿಗಳು ಹೀಗೆ ವಿವರಿಸುತ್ತಾರೆ. ಖಿನ್ನತೆಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಬಹಳ ಹೊತ್ತು ಏರಿಕೊಂಡೇ ಇರುತ್ತದೆ. ಅದು ಯಕೃತ್ತಿನಿಂದ ಗ್ಲೂಕೋಸನ್ನು ಹೊರದೂಡಿಸಿ, ಇನ್ಸುಲಿನ್ ಕೆಲಸಕ್ಕೆ ಅಡ್ಡಬರುತ್ತದೆ. ಎರಡೂ ಕಾಯಿಲೆಗಳಲ್ಲಿ ದೇಹದಾದ್ಯಂತ ಸಣ್ಣ ಪ್ರಮಾಣದ ಉರಿಯೂತ ಕಂಡುಬರುತ್ತದೆ. ಇದಕ್ಕಿಂತ ಕಣ್ಣಿಗೆ ಕಾಣುವ ದಾರಿ ನಡವಳಿಕೆಯದು: ಮನಸ್ಸು ಸೋತವರು ಮಾತ್ರೆ ಮರೆಯುತ್ತಾರೆ, ಸಿಕ್ಕಿದ್ದನ್ನು ತಿನ್ನುತ್ತಾರೆ ಅಥವಾ ಏನೂ ತಿನ್ನುವುದಿಲ್ಲ, ಹಾಸಿಗೆ ಬಿಟ್ಟೇಳುವುದಿಲ್ಲ, ರಕ್ತಪರೀಕ್ಷೆಗೆ ಹೋಗುವುದಿಲ್ಲ.

ಆದರೆ ಎಲ್ಲವನ್ನೂ ರಕ್ತದ ರಾಸಾಯನಿಕಗಳಿಗೆ ಕಟ್ಟಲಾಗದು ಎನ್ನುವುದಕ್ಕೆ ಶೆರಿಟಾ ಗೋಲ್ಡನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ ಸಾಕ್ಷಿ. ಮಧುಮೇಹವೆಂದು ಗೊತ್ತಾಗಿ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಖಿನ್ನತೆ ಹೆಚ್ಚಾಗಿ ಹುಟ್ಟಿಕೊಂಡಿತು. ಚಿಕಿತ್ಸೆಯೇ ಶುರುವಾಗದ ಮಧುಮೇಹಿಗಳಲ್ಲಿ ಹಾಗಾಗಲಿಲ್ಲ. ಸಕ್ಕರೆ ಎರಡು ಗುಂಪಿನವರ ರಕ್ತದಲ್ಲೂ ಹೆಚ್ಚೇ ಇತ್ತು. ಬೇರೆಯಾಗಿದ್ದದ್ದು ಕಾಯಿಲೆಯೊಂದಿಗೆ ಬದುಕುವ ಭಾರ. ದಿನವೂ ಬೆರಳು ಚುಚ್ಚಿಕೊಳ್ಳುವುದು, ಮದುವೆ ಮನೆಯ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸಲು ಬಂದವರಿಗೆ ಎಲ್ಲರೆದುರು ಬೇಡವೆನ್ನುವುದು, ಮನೆಮಂದಿಗೆಲ್ಲ ಅನ್ನ ಮಾಡಿ ತನಗೊಬ್ಬಳಿಗೆ ಬೇರೆ ಬೇಯಿಸಿಕೊಳ್ಳುವುದು, ಕಾಲು ಜೋಮು ಹಿಡಿದ ದಿನ ನೆರೆಮನೆಯವರ ಕತ್ತರಿಸಿದ ಕಾಲು ನೆನಪಾಗುವುದು. ಈ ಭಾರದ ಮೇಲೆ ಕೈಯಿಡದ ಯಾವ ಚಿಕಿತ್ಸೆಯೂ ಅರೆಬರೆಯದು ಎಂಬುದು ಈ ಲೇಖಕರ ಅಭಿಪ್ರಾಯ.

ಗುರುತಿಸುವುದು

ಆಯಾಸ, ನಿದ್ದೆಗೇಡು, ತೂಕ ಇಳಿಯುವುದು, ಏಕಾಗ್ರತೆ ತಪ್ಪುವುದು ಖಿನ್ನತೆಯಲ್ಲೂ ಇವೆ, ಏರಿದ ಸಕ್ಕರೆಯಲ್ಲೂ ಇವೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ಸಕ್ಕರೆ ಕುಸಿದಾಗ ಆಗುವ ಎದೆಬಡಿತ, ಬೆವರು, ನಡುಕ ಗಾಬರಿಯ ಲಕ್ಷಣಗಳಂತೆಯೇ ತೋರುತ್ತವೆ. ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಅನ್ನು ಹಲವು ವರ್ಷ ನುಂಗಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು, ಇನ್ನು ಕೆಲವರಲ್ಲಿ ಥೈರಾಯ್ಡ್ ಮಂದವಾಗಿರಬಹುದು. ಇವೆರಡೂ ಮನಸ್ಸನ್ನು ಕುಗ್ಗಿಸುತ್ತವೆ, ರಕ್ತಪರೀಕ್ಷೆಯಲ್ಲಿ ಸುಲಭವಾಗಿ ಸಿಗುತ್ತವೆ. ಅದಕ್ಕೇ ಮೊದಲು ಇವನ್ನು ನೋಡಿಬಿಡುವುದು ಒಳ್ಳೆಯದು.

ನಮ್ಮಲ್ಲಿ ಇನ್ನೊಂದು ತೊಡಕು. ಬಂದವರು ‘ನನಗೆ ಖಿನ್ನತೆ’ ಎಂದು ಹೇಳುವುದಿಲ್ಲ. ‘ತುಂಬ ಸುಸ್ತು ಡಾಕ್ಟ್ರೇ’, ‘ಮೈಯೆಲ್ಲ ನೋವು’, ‘ಯಾವುದಕ್ಕೂ ಮನಸ್ಸೇ ಬರಲ್ಲ’ ಎನ್ನುತ್ತಾರೆ. ವೈದ್ಯರು ಶುಗರ್ ರಿಪೋರ್ಟ್ ನೋಡಿ ಮಾತ್ರೆ ಒಂದು ಹೆಚ್ಚು ಮಾಡಿ ಕಳಿಸುತ್ತಾರೆ.

ಪಿಎಚ್‌ಕ್ಯು–9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ 2001ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರಗಳ ಬಗ್ಗೆ ಕೇಳುವ ಪ್ರತಿ ಪ್ರಶ್ನೆಗೂ 0ರಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಮುಂದಿನ ವಿಚಾರಣೆ ಬೇಕು. ಹಾಗೆಂದು ಹತ್ತು ಮುಟ್ಟಿದವರೆಲ್ಲ ಖಿನ್ನರಲ್ಲ. ವಿಲಿಯಂ ಪೊಲೋನ್ಸ್ಕಿ 1995ರಲ್ಲಿ ರೂಪಿಸಿದ ‘ಪೇಡ್’ ಮಾಪಕ ಮತ್ತು ಮುಂದೆ ಬಂದ ಇಂಥ ಮಾಪಕಗಳು ತೋರಿಸಿಕೊಟ್ಟದ್ದು ಇದನ್ನೇ: ಕಾಯಿಲೆಯ ನಿತ್ಯದ ಗೋಳಿನಿಂದ ಬೇಸತ್ತಿರುವುದು ಬೇರೆ, ಖಿನ್ನತೆ ಬೇರೆ. ಮೇಲೆ ಹೇಳಿದ 11ಕ್ಕೂ 31ಕ್ಕೂ ನಡುವೆ ಇರುವವರಲ್ಲಿ ಹಲವರು ಈ ಮೊದಲ ಬಗೆಯವರು. ಅವರಿಗೆ ಬೇಕಾದದ್ದು ಮನೋರೋಗದ ಮಾತ್ರೆಯಲ್ಲ. ಇನ್ಸುಲಿನ್ ಬಗೆಗಿನ ಭಯ ಕಳೆಯುವುದು, ಊಟದ ಕಟ್ಟುಪಾಡನ್ನು ಸಡಿಲಿಸುವುದು, ವೈದ್ಯರು ಗದರದೆ ಮಾತನಾಡುವುದು ಇವು ಅವರಿಗೆ ಹೆಚ್ಚು ಉಪಕಾರ ಮಾಡುತ್ತವೆ.

ಮನೋಚಿಕಿತ್ಸೆ

ಇಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಅರಿವು–ವರ್ತನೆ ಚಿಕಿತ್ಸೆ, ವೈದ್ಯರ ಬಾಯಲ್ಲಿ ಸಿಬಿಟಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ 1960ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಘಟನೆಗಿಂತ ಘಟನೆಯ ಬಗ್ಗೆ ಮನಸ್ಸು ಥಟ್ಟನೆ ಮಾಡಿಕೊಳ್ಳುವ ತೀರ್ಮಾನ ನಮ್ಮನ್ನು ಕುಗ್ಗಿಸುತ್ತದೆ, ಆ ತೀರ್ಮಾನವನ್ನು ಹಿಡಿದು ಪರೀಕ್ಷಿಸಬಹುದು ಎಂಬುದು ಅದರ ತಿರುಳು.

ಮಧುಮೇಹಿಯೊಬ್ಬರ ಜೊತೆ ಇದು ಹೇಗೆ ನಡೆಯುತ್ತದೆಂದು ಒಂದು ಮಾದರಿಯಲ್ಲಿ ನೋಡಬಹುದು. ಐವತ್ತೈದರ ಗೃಹಿಣಿ ಬೆಳಿಗ್ಗೆ ಗ್ಲೂಕೋಮೀಟರಿನಲ್ಲಿ 240 ನೋಡುತ್ತಾರೆ. ‘ಅಷ್ಟು ಪಥ್ಯ ಮಾಡಿದರೂ ಇಷ್ಟೇ. ನನ್ನ ಕೈಲಿ ಏನೂ ಆಗಲ್ಲ’ ಎಂಬ ಯೋಚನೆ ಬರುತ್ತದೆ. ಆ ದಿನ ವಾಕಿಂಗ್ ಇಲ್ಲ, ಮಧ್ಯಾಹ್ನದ ಮಾತ್ರೆ ಇಲ್ಲ, ಸಂಜೆ ಮಿಕ್ಕಿದ್ದ ಮೈಸೂರು ಪಾಕು. ಮರುದಿನ 280. ಚಿಕಿತ್ಸಕರು ಇದನ್ನು ಹಾಳೆಯ ಮೇಲೆ ಕಾಲಂ ಹಾಕಿ ಬರೆಸುತ್ತಾರೆ: ಏನಾಯಿತು, ಏನನ್ನಿಸಿತು, ಎಷ್ಟು ಬೇಸರವಾಯಿತು, ಆಮೇಲೆ ಏನು ಮಾಡಿದಿರಿ. ನಂತರ ಕೇಳುತ್ತಾರೆ: ‘ಈ ವಾರ ಎಷ್ಟು ಸಲ ನೋಡಿಕೊಂಡಿರಿ ಅಮ್ಮ?’ ಐದು ಸಲ. ‘ಅದರಲ್ಲಿ ಇನ್ನೂರು ದಾಟಿದ್ದು?’ ಎರಡು ಸಲ. ‘ಆ ಎರಡು ದಿನದ ಹಿಂದಿನ ರಾತ್ರಿ?’ ಒಂದು ದಿನ ನೆಂಟರ ಮನೆಯ ಊಟ, ಇನ್ನೊಂದು ದಿನ ನಿದ್ದೆಯೇ ಬಂದಿರಲಿಲ್ಲ. ‘ನನ್ನ ಕೈಲಿ ಏನೂ ಆಗಲ್ಲ’ ಎಂಬುದರ ಜಾಗದಲ್ಲಿ ‘ಮೂರು ದಿನ ಸರಿಯಾಗಿತ್ತು, ಎರಡು ದಿನಕ್ಕೆ ಕಾರಣ ಗೊತ್ತಿದೆ’ ಎಂಬ ವಾಕ್ಯ ಬರುತ್ತದೆ. ಇದು ಸುಮ್ಮನೆ ಧೈರ್ಯ ಹೇಳುವ ಕೆಲಸವಲ್ಲ. ಅವರದೇ ಡೈರಿಯಿಂದ ಹೊರಟ ಸಾಕ್ಷ್ಯ ಇದು, ಹಾಗಾಗಿ ನಿಲ್ಲುತ್ತದೆ.

ಲಸ್ಟ್‌ಮನ್ ತಂಡ 1998ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಮೊದಲ ಗಟ್ಟಿ ಮೆಟ್ಟಿಲು. ಟೈಪ್ 2 ಮಧುಮೇಹ ಮತ್ತು ತೀವ್ರ ಖಿನ್ನತೆ ಎರಡೂ ಇದ್ದ 51 ಜನರಿಗೆ ಮಧುಮೇಹದ ಶಿಕ್ಷಣ ಕೊಡಲಾಯಿತು. ಅವರಲ್ಲಿ ಒಂದು ಗುಂಪಿಗೆ ಹತ್ತು ವಾರ, ವಾರಕ್ಕೊಂದು ಗಂಟೆಯ ಸಿಬಿಟಿಯೂ ಸಿಕ್ಕಿತು. ಹತ್ತು ವಾರದ ಕೊನೆಗೆ ಸಿಬಿಟಿ ಪಡೆದವರಲ್ಲಿ ಶೇ 85 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಉಳಿದ ಗುಂಪಿನಲ್ಲಿ ಶೇ 27. ಆಗ ಎರಡೂ ಗುಂಪಿನ ಸಕ್ಕರೆಯಲ್ಲಿ ವ್ಯತ್ಯಾಸವಿರಲಿಲ್ಲ. ಆರು ತಿಂಗಳ ನಂತರ ನೋಡಿದಾಗ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಗ್ಲೈಕೇಟೆಡ್ ಹಿಮೋಗ್ಲೋಬಿನ್ ಸಿಬಿಟಿ ಗುಂಪಿನಲ್ಲಿ ಶೇ 9.5, ಇನ್ನೊಂದು ಗುಂಪಿನಲ್ಲಿ ಶೇ 10.9. ಮನಸ್ಸು ಮೊದಲು ಎದ್ದಿತು, ರಕ್ತದಲ್ಲಿ ಅದರ ಫಲ ತಡವಾಗಿ ಕಂಡಿತು.

ಮುಂದಿನ ಪ್ರಯೋಗಗಳು ಇಷ್ಟು ಉದಾರವಾಗಿರಲಿಲ್ಲ. ಜರ್ಮನಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ 251 ಜನರಲ್ಲಿ ಸಿಬಿಟಿಯನ್ನೂ ಸರ್ಟ್ರಲಿನ್ ಎಂಬ ಖಿನ್ನತೆಯ ಮಾತ್ರೆಯನ್ನೂ ಹೋಲಿಸಿದ ಅಧ್ಯಯನ 2015ರಲ್ಲಿ ಬಂತು. ಖಿನ್ನತೆ ಎರಡರಿಂದಲೂ ತಗ್ಗಿತು, ಮಾತ್ರೆ ಸ್ವಲ್ಪ ಮುಂದೇ ಇತ್ತು. ಆದರೆ ಎಚ್‌ಬಿಎ1ಸಿ, ಅಂದರೆ ಗ್ಲೈಕೇಟೆಡ್ ಹಿಮೋಗ್ಲೋಬಿನ್, ಎರಡರಿಂದಲೂ ಇಳಿಯಲಿಲ್ಲ. ಅಮೆರಿಕದಲ್ಲಿ ಸ್ಟೀವನ್ ಸಾಫ್ರೆನ್ ತಂಡ ಮಾತ್ರೆ ತಪ್ಪಿಸುವ ಅಭ್ಯಾಸವನ್ನೂ ಖಿನ್ನತೆಯನ್ನೂ ಒಂದೇ ಮಾತುಕತೆಯಲ್ಲಿ ಹಿಡಿದುಕೊಂಡಾಗ (2014) ಔಷಧಿ ಪಾಲನೆ ಸುಧಾರಿಸಿತು, ಸಕ್ಕರೆಯೂ ಇಳಿಯಿತು. ಮನಸ್ಸು ಸರಿಹೋದರೆ ಶುಗರ್ ತಾನಾಗಿಯೇ ಇಳಿಯುತ್ತದೆ ಎಂದು ರೋಗಿಗೆ ಭರವಸೆ ಕೊಡಬಾರದು ಎನ್ನುವುದು ಇವೆಲ್ಲದರ ತಾತ್ಪರ್ಯ. ಶುಗರನ್ನೂ ಚಿಕಿತ್ಸೆಯ ಮಾತಿನೊಳಗೆ ತಂದರೆ ಅದು ಇಳಿಯುವ ಸಾಧ್ಯತೆ ಹೆಚ್ಚು. ಅದು ಇಳಿಯದಿದ್ದರೂ ಖಿನ್ನತೆಯಿಂದ ಬಿಡುಗಡೆ ಎಂಬುದೇ ದೊಡ್ಡ ಲಾಭ. ಮನುಷ್ಯರು ಎಚ್‌ಬಿಎ1ಸಿಗಾಗಿ ಬದುಕುವುದಿಲ್ಲ.

ಸಿಬಿಟಿ ಬಲ್ಲವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಒಂದು ಉತ್ತರ ಪಕ್ಕದ ಗೋವಾದಿಂದ ಬಂದಿದೆ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು, ಮನೋವಿಜ್ಞಾನದ ಪದವಿ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಗಳ ಸರಳ ಚಿಕಿತ್ಸೆ ಕೊಡಿಸಿದರು. 495 ಜನರ ಈ ಪ್ರಯೋಗ 2017ರಲ್ಲಿ ಪ್ರಕಟವಾಯಿತು, ತೀವ್ರ ಖಿನ್ನತೆ ಗಮನಾರ್ಹವಾಗಿ ತಗ್ಗಿತು. ಅದು ಮಧುಮೇಹಿಗಳಿಗಾಗಿಯೇ ಮಾಡಿದ ಅಧ್ಯಯನವಲ್ಲ. ಆದರೆ ಅಲ್ಲಿ ಬಳಸಿದ ವರ್ತನಾ ಚೇತನ ವಿಧಾನ ಮಧುಮೇಹಕ್ಕೆ ಚೆನ್ನಾಗಿ ಹೊಂದುತ್ತದೆ. ಮನಸ್ಸು ಬಂದಮೇಲೆ ಕೆಲಸ ಮಾಡೋಣವೆಂದು ಕಾಯದೆ, ಸಣ್ಣ ಕೆಲಸವೊಂದನ್ನು ಗೊತ್ತುಮಾಡಿದ ಹೊತ್ತಿಗೆ ಮಾಡಿಬಿಡುವುದು, ಮನಸ್ಸು ಹಿಂದಿನಿಂದ ಬರುತ್ತದೆ ಎಂಬುದು ಅದರ ನಂಬಿಕೆ. ಗೊತ್ತುಮಾಡಿದ ಕೆಲಸ ಹತ್ತು ನಿಮಿಷದ ನಡಿಗೆಯಾದರೆ ಮನೋಚಿಕಿತ್ಸೆಯೂ ವ್ಯಾಯಾಮವೂ ಒಂದೇ ಆಗಿಬಿಡುತ್ತವೆ.

ವ್ಯಾಯಾಮ

ಖಿನ್ನತೆಗೆ ವ್ಯಾಯಾಮ ಮದ್ದಾಗಬಲ್ಲದು ಎಂಬುದನ್ನು ಮಾತ್ರೆಯ ಎದುರಿಗೇ ನಿಲ್ಲಿಸಿ ಪರೀಕ್ಷಿಸಿದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್. 1999ರ ಅವರ ಅಧ್ಯಯನದಲ್ಲಿ 50 ದಾಟಿದ 156 ಖಿನ್ನರು ಇದ್ದರು. ಕೆಲವರಿಗೆ ಸರ್ಟ್ರಲಿನ್, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ. ಹದಿನಾರು ವಾರಕ್ಕೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದವು. ಮಾತ್ರೆ ಮೊದಲ ವಾರಗಳಲ್ಲಿ ಬೇಗ ಕೆಲಸ ಮಾಡಿತು. ಆದರೆ ಹತ್ತು ತಿಂಗಳ ನಂತರ ನೋಡಿದಾಗ, ವ್ಯಾಯಾಮದಿಂದ ಗುಣವಾದವರಲ್ಲಿ ಖಿನ್ನತೆ ಮರುಕಳಿಸಿದ್ದು ಕಡಿಮೆ. 218 ಅಧ್ಯಯನಗಳನ್ನು ಒಟ್ಟುಗೂಡಿಸಿದ 2024ರ ಒಂದು ವಿಶ್ಲೇಷಣೆಯೂ ನಡಿಗೆ ಅಥವಾ ನಿಧಾನ ಓಟ, ಯೋಗ, ಭಾರ ಎತ್ತುವ ವ್ಯಾಯಾಮಗಳು ಖಿನ್ನತೆಗೆ ಫಲಕಾರಿ ಎಂದಿತು.

ಮಿದುಳಿನಲ್ಲಿ ಏನಾಗುತ್ತದೆ? ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗ ಖಿನ್ನತೆಯಲ್ಲೂ ಮಧುಮೇಹದಲ್ಲೂ ಕುಗ್ಗುವುದುಂಟು. 120 ಹಿರಿಯರನ್ನು ಒಂದು ವರ್ಷ ಗಮನಿಸಿದ 2011ರ ಅಮೆರಿಕದ ಪ್ರಯೋಗದಲ್ಲಿ, ನಿಯಮಿತವಾಗಿ ನಡೆದವರ ಹಿಪ್ಪೊಕ್ಯಾಂಪಸ್ ಗಾತ್ರ ಸುಮಾರು ಶೇ 2ರಷ್ಟು ಹಿಗ್ಗಿತು. ವಯಸ್ಸಿನೊಂದಿಗೆ ಅದು ಕುಗ್ಗಬೇಕಾದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸ್ನಾಯುವಿನಲ್ಲಿ ಆಗುವುದು ಇನ್ನೂ ಸ್ಪಷ್ಟ. ಕೆಲಸ ಮಾಡುವ ಸ್ನಾಯು ತನ್ನೊಳಗಿನ ಗ್ಲೂಟ್–4 ಎಂಬ ಸಾಗಣೆ ಪ್ರೊಟೀನನ್ನು ಜೀವಕೋಶದ ಅಂಚಿಗೆ ತಂದು, ಇನ್ಸುಲಿನ್ ನೆರವಿಲ್ಲದೆಯೇ ರಕ್ತದಿಂದ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ. ವ್ಯಾಯಾಮದ ನಂತರ ಇನ್ಸುಲಿನ್‌ಗೆ ದೇಹ ಚೆನ್ನಾಗಿ ಸ್ಪಂದಿಸುವ ಗುಣ ಒಂದು ದಿನದಿಂದ ಮೂರು ದಿನದವರೆಗೆ ಉಳಿಯುತ್ತದೆ. ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ತಪ್ಪಿಸಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಸಾಮಾನ್ಯ ಸಲಹೆ ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಜೊತೆಗೆ ಎರಡು ಮೂರು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಖಿನ್ನತೆಯಲ್ಲಿ ಮುಳುಗಿದವರಿಗೆ 150 ಎಂಬ ಅಂಕಿಯನ್ನು ಮೊದಲ ದಿನವೇ ಕೊಡುವುದು ಕ್ರೌರ್ಯ. ಅವರು ಅದನ್ನು ಮುಟ್ಟಲಾರರು. ಮುಟ್ಟದಿದ್ದಾಗ ತಪ್ಪಿತಸ್ಥ ಭಾವ ಇನ್ನಷ್ಟು ಬಲಿಯುತ್ತದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 2016ರಲ್ಲಿ 41 ಟೈಪ್ 2 ಮಧುಮೇಹಿಗಳಲ್ಲಿ ನೋಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ದಿನದ ಯಾವುದೋ ಒಂದು ಹೊತ್ತಿನಲ್ಲಿ ಅರ್ಧ ಗಂಟೆ ನಡೆಯುವುದಕ್ಕಿಂತ, ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಇನ್ನೂ ಕಡಿಮೆಯಾಯಿತು, ಅದರಲ್ಲೂ ರಾತ್ರಿ ಊಟದ ನಂತರ. ಹತ್ತು ನಿಮಿಷ ಎಂದರೆ ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿ ಬರುವುದು. ಅದು ಯಾರಿಗೂ ಅಸಾಧ್ಯ ಎನ್ನಿಸದು.

ನಮ್ಮ ಊರುಗಳಲ್ಲಿ ‘ವಾಕಿಂಗ್ ಮಾಡಿ’ ಎಂಬ ಸಲಹೆ ಎಲ್ಲರಿಗೂ ಒಂದೇ ಅಲ್ಲ. ಹೊಲದಲ್ಲಿ ದಿನವಿಡೀ ಕಳೆ ಕೀಳುವ ಹೆಂಗಸಿಗೆ ಅದು ಅಣಕದಂತೆ ಕೇಳಿಸುತ್ತದೆ. ಅವರಿಗೆ ವ್ಯಾಯಾಮಕ್ಕಿಂತ ವಿಶ್ರಾಂತಿ, ಹೊತ್ತಿಗೆ ಸರಿಯಾದ ಊಟ, ಯಾರೊಂದಿಗಾದರೂ ಮನಬಿಚ್ಚಿ ಮಾತು ಬೇಕಿರಬಹುದು. ನಗರದ ಬಡಾವಣೆಯಲ್ಲಿ ಬೀದಿನಾಯಿ, ಗುಂಡಿಬಿದ್ದ ಫುಟ್‌ಪಾತ್, ಕತ್ತಲೆ. ಒಬ್ಬೊಬ್ಬರೇ ಹೊರಡಲು ಹಿಂಜರಿಯುವ ಹೆಂಗಸರು ನಾಲ್ಕೈದು ಜನ ಸೇರಿ ಹೊರಟರೆ ನಡಿಗೆಯೂ ಆಗುತ್ತದೆ, ಒಂಟಿತನವೂ ಕಳೆಯುತ್ತದೆ. ಖಿನ್ನತೆಯ ಚಿಕಿತ್ಸೆಯಲ್ಲಿ ಎರಡನೆಯದಕ್ಕೆ ಮೊದಲನೆಯದರಷ್ಟೇ ಬೆಲೆ.

ಎರಡೂ ಕೂಡಿದಾಗ

ಜಾನ್ ಪಿಯೆಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗ ಫೋನಿನ ಮೂಲಕ ನಡೆದದ್ದು. 291 ಜನರಲ್ಲಿ ಅರ್ಧದಷ್ಟು ಮಂದಿಗೆ ನರ್ಸ್‌ಗಳು ಫೋನ್ ಮಾಡಿ ಸಿಬಿಟಿ ಕೊಟ್ಟರು, ಖಿನ್ನತೆ ಸ್ವಲ್ಪ ತಿಳಿಯಾದಮೇಲೆ ಹೆಜ್ಜೆ ಎಣಿಸುವ ಯಂತ್ರ ಕೊಟ್ಟು ನಡಿಗೆ ಶುರುಮಾಡಿಸಿದರು. ವರ್ಷದ ಕೊನೆಗೆ ದಿನದ ನಡಿಗೆ ಸಾವಿರ ಹೆಜ್ಜೆಗೂ ಮಿಗಿಲಾಗಿ ಹೆಚ್ಚಿತ್ತು, ರಕ್ತದೊತ್ತಡ ಇಳಿದಿತ್ತು, ಶೇ 58 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ 39. ಎಚ್‌ಬಿಎ1ಸಿ ಮಾತ್ರ ಇಲ್ಲೂ ಕದಲಲಿಲ್ಲ.

ಈ ವಿಷಯದ ಅತ್ಯಂತ ಮುಖ್ಯ ಪ್ರಯೋಗ ‘ಪ್ರೋಗ್ರಾಂ ಆ್ಯಕ್ಟಿವ್’. ಮೇರಿ ಡಿ ಗ್ರೂಟ್ ಎಂಬ ಮನೋವಿಜ್ಞಾನಿ ಅದನ್ನು ಮೊದಲು ಆರಂಭಿಸಿದ್ದು ಅಮೆರಿಕದ ಅಪಲಾಚಿಯ ಬೆಟ್ಟಸೀಮೆಯಲ್ಲಿ. ಬಡತನ ಹೆಚ್ಚು, ಆಸ್ಪತ್ರೆ ದೂರ, ಮನೋವೈದ್ಯರು ಅಪರೂಪ, ಮಧುಮೇಹ ಮನೆಮನೆಯಲ್ಲಿ. ನಮ್ಮ ತಾಲ್ಲೂಕುಗಳ ಚಿತ್ರ ಇದರಿಂದ ಬಹಳ ಬೇರೆಯಲ್ಲ. ಎರಡನೆಯ ಹಂತದಲ್ಲಿ ಇಂಡಿಯಾನ, ಒಹಾಯೊ, ಪಶ್ಚಿಮ ವರ್ಜೀನಿಯ ರಾಜ್ಯಗಳ 140 ಜನರನ್ನು ನಾಲ್ಕು ಗುಂಪು ಮಾಡಿದರು: ಹತ್ತು ಬಾರಿಯ ಸಿಬಿಟಿ, ಹನ್ನೆರಡು ವಾರದ ವ್ಯಾಯಾಮ, ಎರಡೂ, ಎಂದಿನ ಚಿಕಿತ್ಸೆ. ವ್ಯಾಯಾಮ ನಡೆದದ್ದು ಊರಿನಲ್ಲೇ, ಹೇಳಿಕೊಡುವವರ ಉಸ್ತುವಾರಿಯಲ್ಲಿ. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರೂ ಚಿಕಿತ್ಸಾ ಗುಂಪುಗಳಲ್ಲಿ ಖಿನ್ನತೆ ಗುಣವಾಗುವ ಸಾಧ್ಯತೆ ಎಂದಿನ ಚಿಕಿತ್ಸೆಗಿಂತ ಬಹಳ ಹೆಚ್ಚು. ಎಚ್‌ಬಿಎ1ಸಿ ಮೊದಲೇ 7 ಅಥವಾ ಅದಕ್ಕಿಂತ ಮೇಲಿದ್ದವರ ಪೈಕಿ, ಸಿಬಿಟಿ ಮತ್ತು ವ್ಯಾಯಾಮ ಎರಡನ್ನೂ ಪಡೆದವರಲ್ಲಿ ಅದು 0.7 ಅಂಶದಷ್ಟು ಇಳಿಯಿತು. ಕೆಲವು ಮಧುಮೇಹದ ಮಾತ್ರೆಗಳಿಂದ ಸಿಗುವ ಇಳಿಕೆಯೂ ಇದರ ಆಸುಪಾಸಿನದೇ.

ವ್ಯಾಯಾಮವೊಂದೇ ಪಡೆದವರೂ ಸಿಬಿಟಿಯೊಂದೇ ಪಡೆದವರೂ ಖಿನ್ನತೆಯಿಂದ ಎದ್ದರು ಎಂಬ ಅಂಶ ನಮ್ಮಂಥ ಕಡೆ ಹೆಚ್ಚು ಮುಖ್ಯ. ಎರಡನ್ನೂ ಒದಗಿಸಲಾಗದ ಊರಿನಲ್ಲಿ ಒಂದನ್ನಾದರೂ ಒದಗಿಸಬಹುದು. ಆದರೆ ಇಲ್ಲಿ ಗುಣಮಾಡಿದ್ದು ‘ದಿನಾ ವಾಕಿಂಗ್ ಮಾಡಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟ ಸಲಹೆಯಲ್ಲ. ಎಂದಿನ ಚಿಕಿತ್ಸೆ ಪಡೆದವರಿಗೂ ಅಂಥ ಸಲಹೆ ಸಿಕ್ಕೇ ಇರುತ್ತದೆ. ಗೊತ್ತಾದ ದಿನ, ಗೊತ್ತಾದ ಜಾಗ, ಬರದಿದ್ದರೆ ಯಾಕೆ ಬರಲಿಲ್ಲವೆಂದು ವಿಚಾರಿಸುವ ಒಬ್ಬರು ಇದ್ದದ್ದೇ ವ್ಯತ್ಯಾಸ ಮಾಡಿತು ಎಂದು ಈ ಲೇಖಕರಿಗೆ ಕಾಣುತ್ತದೆ. ಖಿನ್ನತೆ ಮೊದಲು ಕಿತ್ತುಕೊಳ್ಳುವುದು ಶುರುಮಾಡುವ ಶಕ್ತಿಯನ್ನು. ಆ ಶಕ್ತಿ ಕೆಲವು ವಾರ ಬೇರೆಯವರಿಂದ ಬರಬೇಕು.

ಎಚ್ಚರಿಕೆಗಳು

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದಿಂದ ಸಕ್ಕರೆ ಕುಸಿಯಬಹುದು. ಹೊರಡುವ ಮುನ್ನ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಬೇಕು. ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಬೇಕು. 250 ದಾಟಿ ಮೂತ್ರದಲ್ಲಿ ಕೀಟೋನ್ ಇದ್ದರೆ ಆ ದಿನ ವ್ಯಾಯಾಮ ಬೇಡ. ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದರೂ ತಿಳಿಯದು. ಗಾಯ ಕೊಳೆತು ಕಾಲೇ ಹೋಗಬಹುದು. ಆದ್ದರಿಂದ ಸರಿಯಾದ ಅಳತೆಯ ಶೂ, ಹತ್ತಿ ಕಾಲುಚೀಲ, ಮನೆಗೆ ಬಂದು ಪಾದ ನೋಡಿಕೊಳ್ಳುವುದು ಇವು ಕಡ್ಡಾಯ. ಕಣ್ಣಿನ ಹಿಂಪರದೆಯಲ್ಲಿ ಹೊಸ ರಕ್ತನಾಳ ಬೆಳೆದವರು ಭಾರ ಎತ್ತಬಾರದು. ಎದೆನೋವು, ಏದುಸಿರು ಇರುವವರು ಹೃದಯ ಪರೀಕ್ಷೆ ಮಾಡಿಸಿಕೊಂಡೇ ಶುರುಮಾಡಬೇಕು.

ಮನೋಚಿಕಿತ್ಸೆ, ವ್ಯಾಯಾಮ ಎಂದು ಮಾತ್ರೆಗಳನ್ನು ದೂರವಿಡಬೇಕಿಲ್ಲ. ತೀವ್ರ ಖಿನ್ನತೆಯಲ್ಲಿ ಹಾಸಿಗೆಯಿಂದ ಏಳಲಾಗದವರಿಗೆ ಮಾತ್ರೆಯೇ ಮೊದಲ ಆಸರೆಯಾಗಬಹುದು. ಯಾವ ಮಾತ್ರೆ ಎಂಬುದು ಮಾತ್ರ ಮುಖ್ಯ. ನಾರ್ಟ್ರಿಪ್ಟಿಲಿನ್ ಸಕ್ಕರೆಯನ್ನು ಏರಿಸಬಹುದೆಂದು ಲಸ್ಟ್‌ಮನ್ ತಂಡವೇ 1997ರಲ್ಲಿ ತೋರಿಸಿತು. ಮಿರ್ಟಜಪಿನ್ ತೂಕ ಹೆಚ್ಚಿಸುತ್ತದೆ. ಫ್ಲುಆಕ್ಸೆಟಿನ್, ಸರ್ಟ್ರಲಿನ್ ಗುಂಪಿನವು ಮಧುಮೇಹಿಗಳಿಗೆ ಹೆಚ್ಚು ಹೊಂದುತ್ತವೆ, ಆದರೆ ಅವು ಕೆಲವರಲ್ಲಿ ಸಕ್ಕರೆಯನ್ನು ತಗ್ಗಿಸುವುದರಿಂದ ಆರಂಭದ ವಾರಗಳಲ್ಲಿ ಹೆಚ್ಚು ಸಲ ನೋಡಿಕೊಳ್ಳಬೇಕು. ಇನ್ಸುಲಿನ್ ಇರುವ ಮನೆಯಲ್ಲಿ ಸಾವಿನ ಮಾತು ಬಂದರೆ ಒಂದು ದಿನವೂ ತಡಮಾಡದೆ ವೈದ್ಯರಿಗೆ ತಿಳಿಸಬೇಕು, ಇನ್ಸುಲಿನ್ ಮನೆಯವರ ಕೈಯಲ್ಲಿರಬೇಕು. ಸಾವಿನ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ತಪ್ಪು. ಕೇಳಿಸಿಕೊಂಡವರಿಗೆ ಹಗುರವಾಗುವುದೇ ಹೆಚ್ಚು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ನಡೆದ ದೊಡ್ಡ ಪ್ರಯೋಗ ‘ಇಂಡಿಪೆಂಡೆಂಟ್’. ದೆಹಲಿಯ ಏಮ್ಸ್, ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್, ವಿಶಾಖಪಟ್ಟಣದ ಎಂಡೊಕ್ರೈನ್ ಅಂಡ್ ಡಯಾಬಿಟಿಸ್ ಸೆಂಟರ್, ಬೆಂಗಳೂರಿನ ಡಯಾಕಾನ್ ಆಸ್ಪತ್ರೆ ಈ ನಾಲ್ಕು ಕಡೆ 404 ರೋಗಿಗಳು ಭಾಗವಹಿಸಿದರು. ಎಲ್ಲರಿಗೂ ಮಧುಮೇಹವೂ ಖಿನ್ನತೆಯ ಲಕ್ಷಣಗಳೂ ಇದ್ದವು, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಹತೋಟಿಯಲ್ಲಿರಲಿಲ್ಲ. ಒಂದು ಗುಂಪಿನ ಪ್ರತಿಯೊಬ್ಬರಿಗೂ ವೈದ್ಯರಲ್ಲದ ಸಂಯೋಜಕರೊಬ್ಬರು ಜೊತೆಗಿದ್ದರು. ಅವರು ರೋಗಿಯನ್ನು ಆಗಾಗ ಮಾತನಾಡಿಸುತ್ತಿದ್ದರು, ಚಟುವಟಿಕೆಗೆ ಹುರಿದುಂಬಿಸುತ್ತಿದ್ದರು. ಮಧುಮೇಹ ಮತ್ತು ಮನೋರೋಗದ ತಜ್ಞರು ಅವರ ವರದಿಯನ್ನು ಕಾಲಕಾಲಕ್ಕೆ ನೋಡಿ ಚಿಕಿತ್ಸೆ ಬದಲಿಸುತ್ತಿದ್ದರು. ಈ ನೆರವು ಒಂದು ವರ್ಷ ನಡೆಯಿತು. ಎರಡು ವರ್ಷದ ಕೊನೆಗೆ, ಖಿನ್ನತೆ ಅರ್ಧಕ್ಕಿಳಿದು ಅದರ ಜೊತೆಗೆ ಸಕ್ಕರೆ, ರಕ್ತದೊತ್ತಡ, ಎಲ್‌ಡಿಎಲ್ ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲಿ ಶೇ 71.6, ಎಂದಿನ ಚಿಕಿತ್ಸೆಯಲ್ಲಿ ಶೇ 57.4. ಇದು 2020ರಲ್ಲಿ ಪ್ರಕಟವಾಯಿತು.

ನಗರದ ದೊಡ್ಡ ಆಸ್ಪತ್ರೆಯಲ್ಲಿ ಆದದ್ದು ಹಳ್ಳಿಯಲ್ಲಿ ಆದೀತೇ? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಕೃಷ್ಣಮಾಚಾರಿ ಶ್ರೀನಿವಾಸನ್ ಮತ್ತು ಸಂಗಡಿಗರು ‘ಹೋಪ್’ ಅಧ್ಯಯನದಲ್ಲಿ ಕೇಳಿದ್ದು ಇದೇ ಪ್ರಶ್ನೆಯನ್ನು. ಆಗ ರಾಮನಗರ ಎನ್ನುತ್ತಿದ್ದ ಜಿಲ್ಲೆಯ 49 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಖಿನ್ನತೆ ಅಥವಾ ಆತಂಕದ ಜೊತೆಗೆ ಮಧುಮೇಹ, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇದ್ದವರನ್ನು ಸೇರಿಸಿಕೊಂಡರು. ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಊರಿನಲ್ಲೇ ಗುಂಪು ಕೂಡಿಸಿ ಆಹಾರ, ಚಟುವಟಿಕೆ, ಮನಸ್ಸಿನ ಒತ್ತಡದ ಬಗ್ಗೆ ಮಾತುಕತೆ ನಡೆಸಿದರು. ಇಂಥ ಜೊತೆಗೂಡಿದ ಆರೈಕೆ ಸಿಕ್ಕ ಕೇಂದ್ರಗಳಲ್ಲಿ ಖಿನ್ನತೆ ಹೆಚ್ಚು ತಗ್ಗಿತು. ಆಶಾ ಕಾರ್ಯಕರ್ತೆ ಊರಿನವಳೇ. ಯಾರ ಮನೆಯ ಒಲೆ ಹೊತ್ತಿಲ್ಲ, ಯಾರು ಮೂರು ದಿನದಿಂದ ಹೊರಗೆ ಬಂದಿಲ್ಲ ಎಂದು ಅವಳಿಗೆ ಗೊತ್ತಿರುತ್ತದೆ. ಯಾವ ಪ್ರಶ್ನಾವಳಿಯೂ ಅಷ್ಟು ಬೇಗ ಹೇಳಲಾರದು. ಆದರೆ ಅವಳ ಮೇಲೆ ಈಗಾಗಲೇ ಇರುವ ಕೆಲಸದ ಹೊರೆ, ಸಿಗುವ ಗೌರವಧನ ನೆನೆದರೆ, ಇನ್ನೊಂದು ಜವಾಬ್ದಾರಿಯನ್ನು ಪುಕ್ಕಟೆಯಾಗಿ ಹೊರಿಸುವುದು ನ್ಯಾಯವಲ್ಲ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪಾಲು ಶೇ 70ರಿಂದ 92. ಹೀಗಿದ್ದರೂ ಕರ್ನಾಟಕದಲ್ಲಿ ಬೇರು ಗಟ್ಟಿಯಾಗಿದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್‌ಗಳಿವೆ, ಅಲ್ಲಿ ಆಪ್ತಸಮಾಲೋಚಕರ ಹುದ್ದೆಯೂ ಇದೆ. ಅಲ್ಲಿಯ ಶುಗರ್ ಪುಸ್ತಕದಲ್ಲಿ ಪಿಎಚ್‌ಕ್ಯು–9ರ ಅಂಕಕ್ಕೂ ಒಂದು ಕಾಲಂ ಹಾಕಿದರೆ, ಎರಡು ಕಾಯಿಲೆಗಳನ್ನೂ ಒಂದೇ ಕಡೆ ನೋಡುವ ಕೆಲಸ ಹೊಸ ಕಟ್ಟಡವಿಲ್ಲದೆಯೇ ಶುರುವಾಗುತ್ತದೆ. ಅಲ್ಲಿಯವರೆಗೆ ಹೋಗಲಾಗದವರಿಗೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಸಲಹೆ ಸಿಗುತ್ತದೆ.